ಗಲ್ಲ ಸ್ವಲ್ಪ ಮೇಲಕ್ಕೆ

ನನ್ನ ಕರಿ ಶರ್ಟು ಕಂಕುಳಲ್ಲಿ ಹರಿದದ್ದು ಹೇಗೆ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ: ಸಂಗೀತದಿಂದ. ಯಾರೂ ನಂಬುವುದಿಲ್ಲ. ನನ್ನ ಹೆಂಡತಿಯಂತೂ ಇವತ್ತಿಗೂ ನಂಬಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಬೇಕಾದವರು ನಂಬಲಿ, ಬೇಡದವರು ಹೊಸ ಶರ್ಟು ಕೊಡಿಸಲಿ.

ನಾನು ಗಡಿಯಾರ ರಿಪೇರಿಯವನು. ನನ್ನ ಅಂಗಡಿಗೂ ಪಕ್ಕದ ಫೋಟೋ ಸ್ಟುಡಿಯೋಗೂ ನಡುವೆ ಇರುವುದು ಒಂದು ಗಾಜಿನ ಗೋಡೆ. ಅತ್ತ ಕಡೆಯದು ಕಾಣುತ್ತದೆ, ಕೇಳುವುದಿಲ್ಲ. ಕೇಳುವಂಥದ್ದೂ ಏನಿಲ್ಲ, ಯಾಕೆಂದರೆ ಸ್ಟುಡಿಯೋ ನಡೆಸುವ ನನ್ನ ಗೆಳೆಯ ಕೆಲಸದಲ್ಲಿ, ಕನ್ನಡಕ ತೆಗೀರಿ ಎನ್ನುವುದೊಂದು ಬಿಟ್ಟರೆ, ಬಾಯಿ ಬಿಡುವವನಲ್ಲ. ಇಪ್ಪತ್ತು ವರ್ಷದಿಂದ ಅವನು ತೆಗೆಯುವುದು ಪಾಸ್‌ಪೋರ್ಟ್ ಫೋಟೋ, ಮಾತಾಡುವುದು ಕೈಯಲ್ಲಿ. ಎರಡು ಬೆರಳು ಎತ್ತಿದರೆ ಗಲ್ಲ ಸ್ವಲ್ಪ ಮೇಲಕ್ಕೆ. ಅಂಗೈ ಒತ್ತಿದರೆ ಗಲ್ಲ ಕೆಳಕ್ಕೆ. ಕೈ ಪಕ್ಕಕ್ಕೆ ಬೀಸಿದರೆ ಮುಖ ಆ ಕಡೆಗೆ. ಎರಡೂ ತೋಳು ಅಗಲಿಸಿದರೆ ಭುಜ ನೆಟ್ಟಗೆ. ಮುಷ್ಟಿ ಬಿಗಿದರೆ ಬಾಯಿ ಮುಚ್ಚಿ, ಅಲ್ಲಾಡಬೇಡಿ. ಕೊನೆಗೆ ಎರಡೂ ಅಂಗೈಯನ್ನು ಕೆಳಗಿನಿಂದ ಮೇಲಕ್ಕೆತ್ತಿದರೆ, ಆಯ್ತು, ಏಳಿ. ಪೊಲೀಸರು, ವಕೀಲರು, ಹಾಲು ಕುಡಿಯುವ ಕೂಸುಗಳು, ಎಲ್ಲರೂ ಆ ಸ್ಟೂಲಿನ ಮೇಲೆ ಕೂತು ಆ ಕೈ ಹೇಳಿದ ಹಾಗೆ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಕೈಗೆ ಬೆಲೆ ಇಲ್ಲದಿದ್ದದ್ದು ಒಂದೇ ಕಡೆ, ಮಾವನ ಮನೆಯಲ್ಲಿ. ಮಾವ ಅಳಿಯನಿಗೆ ಇಟ್ಟ ಹೆಸರೇ ಸ್ಟಾಂಪ್ ಸೈಜು. "ಸ್ಟಾಂಪ್ ಸೈಜು ಬಂದ್ನಾ? ಊಟ ಹಾಕ್ರಮ್ಮ" ಎಂದು ಅವರು ಪಡಸಾಲೆಯಿಂದ ಕೂಗಿದರೆ ಬೀದಿಗೆಲ್ಲ ಕೇಳುತ್ತಿತ್ತು. ಕೇಳಿ ಕೇಳಿ ಬೀದಿಯವರೂ ಹಾಗೇ ಕರೆಯತೊಡಗಿದರು. ನಾನೂ ಹಾಗೇ ಕರೆಯುತ್ತೇನೆ, ಬರೆಯುವಾಗ ಬೇರೆ ಹೆಸರು ನೆನಪಿಗೆ ಬರುವುದಿಲ್ಲ.

ಅತ್ತೆ ಮಾವನ ಮದುವೆಗೆ ಐವತ್ತು ವರ್ಷ ತುಂಬುವುದರಲ್ಲಿತ್ತು. ಇಡೀ ಕುಟುಂಬ ಒಟ್ಟಿಗೆ ನಿಂತು ಒಂದು ದೊಡ್ಡ ಫೋಟೋ ತೆಗೆಸಬೇಕೆಂದು ಊಟದ ಹೊತ್ತಿಗೆ ತೀರ್ಮಾನವಾಯಿತು. ಸ್ಟಾಂಪ್ ಸೈಜು ಕೈ ಒರೆಸಿಕೊಂಡು ಎದ್ದು ನಿಂತ. ಮಾವ ಅವನ ಕಡೆ ನೋಡದೆ ದೊಡ್ಡ ಅಳಿಯನಿಗೆ ಹೇಳಿದರು.

"ಯಾರಾದ್ರೂ ಹೊರಗಿನವರನ್ನ ಗೊತ್ತು ಮಾಡಪ್ಪ. ಇವನು ತೆಗೆದ್ರೆ ನಲವತ್ತು ಜನ ಅಂಚೆ ಚೀಟಿ ಮೇಲೆ ಕೂತ ಹಾಗಾಗುತ್ತೆ."

ಎಲ್ಲರೂ ನಕ್ಕರು. ನಗದಿದ್ದವಳು ಅವನ ಹೆಂಡತಿ ಒಬ್ಬಳೇ. "ಇವರು ತೆಗೀದೇ ಇರೋ ಫೋಟೋದಲ್ಲಿ ನಾನು ನಿಲ್ಲಲ್ಲ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪನ ಹಟ ಮಗಳಿಗೂ ಬಂದಿತ್ತು. ಹಾಗೆಂದರೆ ಐವತ್ತು ವರ್ಷದ ಫೋಟೋದಲ್ಲಿ ಕಿರಿಮಗಳೇ ಇಲ್ಲ. ಅತ್ತೆ ಕಣ್ಣಿಗೆ ಸೆರಗು ಹಚ್ಚಿದರು.

ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮವನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಹೆಂಡತಿ ತನಗಾಗಿ ತಟ್ಟೆ ಎತ್ತಿಕೊಂಡು ಹೋದದ್ದನ್ನು ನೋಡಿದ ಗಂಡಸು ಸುಮ್ಮನಿರುವುದು ಕಷ್ಟ.

"ನಾನೀಗ ಪಾಸ್‌ಪೋರ್ಟ್ ಕೆಲಸ ಅಷ್ಟಾಗಿ ಮಾಡ್ತಿಲ್ಲ ಮಾವ" ಎಂದುಬಿಟ್ಟ. "ಕಾನ್ಸರ್ಟ್ ಫೋಟೋಗ್ರಫಿ. ವೇದಿಕೆ ಮೇಲೆ ಹಾಡ್ತಾರಲ್ಲ, ಅದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡ ಅಳಿಯ, ಅಂದರೆ ಇವನ ಷಡ್ಡಕ, ಸಂಗೀತ ಸಭಾಂಗಣದ ಕಾರ್ಯದರ್ಶಿ. ಅವರು ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೇ ಬಿಟ್ಟರು.

"ಹೌದೇನೋ? ನನಗೆ ಯಾಕೆ ಹೇಳ್ಲಿಲ್ಲ? ಭಾನುವಾರ ನಮ್ಮಲ್ಲಿ ಹಿರಿಯ ಗಾಯಕಿ ಹಾಡ್ತಿದಾರೆ. ಬಾಗಿಲಲ್ಲಿ ಹಾಕೋಕೆ ಅವರದ್ದೊಂದು ಫೋಟೋ ಬೇಕು. ನೀನೇ ತೆಗಿ. ಆದ್ರೆ ಒಂದು ಷರತ್ತು. ಅವರ ಫೋಟೋ ಎಲ್ಲದರಲ್ಲೂ ಬಾಯಿ ತೆರೆದೇ ಇರುತ್ತೆ, ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ. ಅವರಿಗೆ ಬೇಜಾರಾಗಿದೆ. ಹಾಡ್ತಾ ಇರಬೇಕು, ಬಾಯಿ ಮುಚ್ಚಿರಬೇಕು."

"ಅದೇನು ಮಹಾ" ಎಂದ ಸ್ಟಾಂಪ್ ಸೈಜು.

ಮಾವ ಮಜ್ಜಿಗೆ ಲೋಟ ಕೆಳಗಿಟ್ಟರು. "ನಾನೂ ಬರ್ತೀನಿ ನೋಡೋಕೆ. ಆ ಫೋಟೋ ಚೆನ್ನಾಗಿ ಬಂದ್ರೆ ನಮ್ಮದನ್ನೂ ಇವನೇ ತೆಗೀಲಿ. ಬರದಿದ್ರೆ ಹೊರಗಿನವನು. ಮಗಳು ನಿಂತ್ರೆ ನಿಲ್ಲಲಿ, ಬಿಟ್ರೆ ಬಿಡಲಿ."

ಮರುದಿನ ಬೆಳಿಗ್ಗೆ ಅವನು ನನ್ನ ಅಂಗಡಿಗೆ ಬಂದ. ಕಾನ್ಸರ್ಟ್ ಫೋಟೋಗ್ರಾಫರು ಕರಿ ಬಟ್ಟೆ ಹಾಕಬೇಕಂತೆ, ನೋಡುವವರ ಕಣ್ಣಿಗೆ ಬೀಳಬಾರದು ಅಂತ. ಅವನ ಬಳಿ ಇದ್ದದ್ದೆಲ್ಲ ಹಳದಿ. ನಾನು ಸಣಕಲ, ಅವನು ದುಂಡಗೆ. ಆದರೂ ಕೊಟ್ಟೆ. ಕೊನೆಯ ಗುಂಡಿ ಹಾಕಿದಾಗ ಶರ್ಟು ನಿಟ್ಟುಸಿರು ಬಿಟ್ಟದ್ದು ನನಗೆ ಮಾತ್ರ ಕೇಳಿಸಿತು. ಭಾನುವಾರ ಬ್ಯಾಗು ಹಿಡಿಯುವ ನೆಪದಲ್ಲಿ ಶರ್ಟಿನ ಮೇಲೆ ಕಣ್ಣಿಡಲು ನಾನೂ ಹೊರಟೆ.

ಸಭಾಂಗಣದ ಪಕ್ಕದ ಬಾಗಿಲಲ್ಲಿ ಒಂದು ಬೋರ್ಡು ಅಂಟಿಸಿತ್ತು: ಫೋಟೋಗ್ರಾಫರಿಗೆ ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಇಲ್ಲ, ಆಮೇಲೆ ಹೊರಗೆ. ಕೆಳಗೆ ಕಾರ್ಯದರ್ಶಿಯ ಸಹಿ. ಬೋರ್ಡಿನ ಪಕ್ಕದಲ್ಲಿ ಕಾವಲುಗಾರ, ಮೀಸೆ ಸಮೇತ. ಅವನು ನಮ್ಮನ್ನು ಓದಿಸಿ, ಅರ್ಥವಾಯಿತೇ ಎಂದು ಕೇಳಿ, ಎರಡನೇ ಸಲ ಓದಿಸಿ ಒಳಗೆ ಬಿಟ್ಟ.

ಗಾಯಕಿ ಒಳಕೋಣೆಯಲ್ಲಿ ಬಿಸಿನೀರು ಕುಡಿಯುತ್ತಿದ್ದರು. ಎಪ್ಪತ್ತರ ಆಸುಪಾಸು, ಸೋಡಾ ಬಾಟಲಿಯ ತಳದಂಥ ಕನ್ನಡಕ, ನಗುಮುಖ. ನಮ್ಮವನು ಕೈಮುಗಿದ. ಮುಗಿದ ಕೈ ಇಳಿಯುವಷ್ಟರಲ್ಲಿ ಇಪ್ಪತ್ತು ವರ್ಷದ ಅಭ್ಯಾಸ ಬಾಯಿಗೆ ಬಂತು.

"ಕನ್ನಡಕ ತೆಗೀಬೇಕಮ್ಮ. ನಿಯಮ."

"ಹಾಡುವಾಗಲೂನಾ?"

"ಫೋಟೋದಲ್ಲಿ ಗಾಜು ಹೊಳೆಯಬಾರದು. ಕಣ್ಣು ಪೂರ್ತಿ ಕಾಣಬೇಕು."

"ಕನ್ನಡಕ ಇಲ್ದಿದ್ರೆ ನಮ್ಮ ಮೇಷ್ಟ್ರು ನನಗೆ ಬರೀ ಕರಿ ಗೊಂಬೆ ಥರ ಕಾಣ್ತಾರಪ್ಪ."

"ಕಂಡ್ರೆ ಸಾಕಲ್ಲಮ್ಮ" ಎಂದ ಈ ಮಹಾಶಯ. ಆಕೆ ಪಾಪ, ನಿಯಮ ಎಂಬ ಮಾತಿಗೆ ಹೆದರಿ ಕನ್ನಡಕ ತೆಗೆದು ಚೀಲದಲ್ಲಿಟ್ಟರು.

ಮೇಷ್ಟ್ರು ಎಂದರೆ ವಾದ್ಯದವರನ್ನು ನಡೆಸುವವರು. ಕರಿ ಕೋಟು ತೊಟ್ಟು ವೇದಿಕೆಯ ಕೆಳಗೆ, ಗಾಯಕಿಯ ನೇರ ಮುಂದೆ ನಿಂತು ಕೈ ಆಡಿಸುತ್ತಾರೆ. ಆ ಕೈ ನೋಡಿಕೊಂಡು ಗಾಯಕಿ ಹಾಡುತ್ತಾರೆ, ಗಾಯಕಿಯನ್ನು ನೋಡಿಕೊಂಡು ವಾದ್ಯದವರು ನುಡಿಸುತ್ತಾರೆ. ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ಮೇಷ್ಟ್ರ ಕೈಯಲ್ಲಿ ಬೆರಳು ಎತ್ತಿದರೆ ಸ್ವರ ಮೇಲಕ್ಕೆ, ಅಂಗೈ ಒತ್ತಿದರೆ ಕೆಳಕ್ಕೆ, ಪಕ್ಕಕ್ಕೆ ಬೀಸಿದರೆ ಆ ಕಡೆಯ ವಾದ್ಯದವನಿಗೆ ಅವಕಾಶ, ತೋಳು ಅಗಲಿಸಿದರೆ ಎಲ್ಲರೂ ಜೋರಾಗಿ, ಮುಷ್ಟಿ ಬಿಗಿದರೆ ನಿಲ್ಲಿಸು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಮೊದಲೇ ಗೊತ್ತಿದ್ದರೆ ಶರ್ಟು ಕೊಡುತ್ತಿರಲಿಲ್ಲ.

ಆ ದಿನ ಕಾರ್ಯದರ್ಶಿಗಳು ಫೋಟೋಗೆ ಅಡ್ಡ ಬರುತ್ತೀರಿ ಎಂದು ಮೇಷ್ಟ್ರನ್ನು "ಒಂದೇ ಹೆಜ್ಜೆ ಪಕ್ಕಕ್ಕೆ" ನಿಲ್ಲಿಸಿದ್ದರು. ಆ ಒಂದೇ ಹೆಜ್ಜೆ ಒಂದು ಕಂಬದ ಹಿಂದೆ ಮುಗಿದಿತ್ತು. ಮೇಷ್ಟ್ರು ಮುನಿಸಿಕೊಂಡು ಗಾಯಕಿಗೂ ಹೇಳಲಿಲ್ಲ. ತಲೆಯ ಮೇಲೇ ದೊಡ್ಡ ದೀಪ ಉರಿಯುತ್ತಿದ್ದುದರಿಂದ, ಸೆಕೆ ತಡೆಯದೆ ಕೋಟನ್ನೂ ಬಿಚ್ಚಿದರು. ಒಳಗೆ ಬಿಳಿ ಅಂಗಿ.

ಮೇಷ್ಟ್ರ ಖಾಲಿ ಜಾಗದಲ್ಲಿ, ವೇದಿಕೆಯ ನಟ್ಟನಡು ಮುಂದೆ, ನನ್ನ ಕರಿ ಶರ್ಟು ಹೋಗಿ ನಿಂತಿತು.

ನಾನು ಎರಡನೇ ಸಾಲಿನಲ್ಲಿ ಅವನ ಮನೆಯವರ ಪಕ್ಕ ಕೂತೆ. ಪರದೆ ಸರಿಯಿತು. ಗಾಯಕಿ ಮೊದಲ ಹಾಡು ಎತ್ತಿಕೊಂಡರು, ಇಂಪಾಗಿ, ನಿಧಾನವಾಗಿ. ಸ್ಟಾಂಪ್ ಸೈಜು ಕ್ಯಾಮೆರಾದಲ್ಲಿ ಇಣುಕಿದ. ಎಡಗೈಯ ಎರಡು ಬೆರಳು ಎತ್ತಿದ. ಗಲ್ಲ ಸ್ವಲ್ಪ ಮೇಲಕ್ಕೆ.

ಗಾಯಕಿಯ ಸ್ವರ ಮೇಲಕ್ಕೆ ಹೋಯಿತು.

ಗಲ್ಲ ಸಾಕಷ್ಟು ಏರಿರಲಿಲ್ಲ. ಅವನು ಇನ್ನಷ್ಟು ಎತ್ತಿದ. ಆಕೆ ಇನ್ನಷ್ಟು ಮೇಲಕ್ಕೆ ಹೋದರು. ಕೊಳಲಿನವನು ಹುಬ್ಬು ಏರಿಸಿ ಹಿಂದೆಯೇ ಹೋದ. ಅವನ ಮುಖ ಕೆಂಪಾಯಿತು.

"ಅಯ್ಯೋ, ಎಷ್ಟು ಮೇಲೆ ಹತ್ತಿದಾಳೆ ಪುಣ್ಯಾತ್ಗಿತ್ತಿ" ಎಂದರು ಅತ್ತೆ. "ಇಳಿಯೋಕೆ ಬರುತ್ತೋ ಇಲ್ವೋ?"

ಅಷ್ಟರಲ್ಲಿ ಗಲ್ಲ ಜಾಸ್ತಿ ಏರಿಬಿಟ್ಟಿತ್ತು. ಅವನು ಅಂಗೈ ಒತ್ತಿದ. ಗಾಯಕಿ ದಡದಡನೆ ಕೆಳಗಿಳಿದು, ನೆಲಮಾಳಿಗೆಯಿಂದ ಬಂದಂಥ ಸ್ವರದಲ್ಲಿ ನಿಂತರು. ಸಭೆಯಲ್ಲಿ ಯಾರೋ "ಭೇಷ್!" ಎಂದರು. ಒಬ್ಬರು ಭೇಷ್ ಎಂದ ಮೇಲೆ ಉಳಿದವರಿಗೆ ಧೈರ್ಯ ಬಂತು. ಚಪ್ಪಾಳೆ ಬಿತ್ತು.

ಎರಡನೇ ಹಾಡಿಗೆ ಅವನು ಮುಖ ಸ್ವಲ್ಪ ಎಡಕ್ಕೆ ಎಂದು ಕೈ ಬೀಸಿದ. ಎಡಕ್ಕೆ ಕೂತಿದ್ದವನು ಪಿಟೀಲಿನವನು. ಗಾಯಕಿ ಹಾಡು ನಿಲ್ಲಿಸಿ ಅವನ ಕಡೆ ತಿರುಗಿ ತಲೆದೂಗಿದರು. ಪಿಟೀಲಿನವನಿಗೆ ಮೂವತ್ತು ವರ್ಷದಲ್ಲಿ ಒಬ್ಬನೇ ನುಡಿಸುವ ಅವಕಾಶ ಬಂದೇ ಇರಲಿಲ್ಲ. ಅವನು ತನ್ನ ಎದೆ ಮುಟ್ಟಿಕೊಂಡು "ನಾನಾ?" ಎಂದು ಕೇಳಿದ್ದು ಮೈಕಿನಲ್ಲಿ ಕೇಳಿಸಿತು. ಆಮೇಲೆ ಶುರು ಮಾಡಿದ ನೋಡಿ, ನಿಲ್ಲಿಸುವವರೇ ಇಲ್ಲ. ಕಣ್ಣಲ್ಲಿ ನೀರು ಸುರಿಸುತ್ತ ನುಡಿಸಿದ. ಕಂಬದ ಹಿಂದಿನಿಂದ ಒಂದು ಬಿಳಿ ತೋಳು ಹೊರಬಂದು, ಗಾಳಿಯಲ್ಲಿ ಬಡಿದಾಡಿ, ಒಳಗೆ ಹೋಯಿತು.

"ಆ ಕಂಬದ ಹಿಂದೆ ಯಾರಿಗೋ ಫಿಟ್ಸು ಬಂದ ಹಾಗಿದೆ" ಎಂದರು ಮಾವ.

ಸ್ಟಾಂಪ್ ಸೈಜುವಿಗೆ ಇದೊಂದೂ ಗೊತ್ತಿಲ್ಲ. ಕ್ಯಾಮೆರಾಕ್ಕೆ ಕಣ್ಣು ಕೊಟ್ಟವನಿಗೆ ಕಿವಿ ಇರುವುದಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ: ಬಾಯಿ ಮುಚ್ಚಿಸಬೇಕು. ಮೂರನೇ ಹಾಡು ಶುರುವಾಯಿತು. ಗಾಯಕಿಯ ಬಾಯಿ ತೆರೆದೇ ಇತ್ತು. ಅವನ ಹೆಂಡತಿ ಬೆರಳ ಗಂಟು ಕಚ್ಚಿಕೊಂಡು ಕೂತಿದ್ದಳು. ಹಾಡು ಉಕ್ಕಿ ಉಕ್ಕಿ ತುತ್ತತುದಿಗೆ ಬರುವ ಹೊತ್ತಿಗೆ, ಅವನು ತಡೆಯಲಾರದೆ ಕೈ ಮುಂದೆ ಚಾಚಿ ಮುಷ್ಟಿ ಬಿಗಿದ.

ಎಲ್ಲ ನಿಂತಿತು. ಗಾಯಕಿ ಬಾಯಿ ಮುಚ್ಚಿದರು, ವಾದ್ಯದವರು ಕೈ ಎತ್ತಿದರು. ಕಡೆಯ ಸ್ವರ ಮಾತ್ರ ಸಭಾಂಗಣದ ಸೂರಿನ ಕೆಳಗೆ ಒಂದು ಸುತ್ತು ಸುತ್ತಿ ಎಲ್ಲೋ ಹೋಗಿ ಕರಗಿತು. ಅದು ಕರಗುವವರೆಗೆ ಯಾರೂ ಉಸಿರಾಡಲಿಲ್ಲ. ನನಗೆ ಸಂಗೀತ ತಿಳಿಯದು, ಆದರೂ ಮೈ ಜುಂ ಎಂದಿತು.

ಕ್ಲಿಕ್.

ಸಭೆ ಸಿಡಿದೆದ್ದಿತು. ಮುಂದಿನ ಸಾಲಿನಲ್ಲಿದ್ದ ವಿಮರ್ಶಕರು ಪಕ್ಕದವರ ತೊಡೆಗೆ ಹೊಡೆದು "ಮೌನ! ಮೌನಾನ ಹಾಡಿಬಿಟ್ರಲ್ರೀ!" ಎಂದರು. ಪಕ್ಕದವರು ತೊಡೆ ಉಜ್ಜಿಕೊಂಡು ಒಪ್ಪಿದರು.

ಆ ಚಪ್ಪಾಳೆಯ ನಡುವೆ ಕಾವಲುಗಾರ ಬಂದು ನಮ್ಮವನ ಹೆಗಲು ತಟ್ಟಿದ. "ಮೂರು ಹಾಡು ಆಯ್ತು. ನಡೀರಿ." ಸ್ಟಾಂಪ್ ಸೈಜು ಫೋಟೋ ಸಿಕ್ಕ ಸಂತೋಷದಲ್ಲಿ ಕುರಿಯ ಹಾಗೆ ಹಿಂದೆ ಹೋದ. ನಾನೂ ಬ್ಯಾಗು ಎತ್ತಿಕೊಂಡು, ನಿಜ ಹೇಳಬೇಕೆಂದರೆ ಶರ್ಟಿನ ಹಿಂದೆ, ಹೊರಟೆ.

ನಾವು ಬಾಗಿಲು ದಾಟುವಷ್ಟರಲ್ಲಿ ಒಳಗೆ ಸದ್ದಡಗಿತು. ನಾಲ್ಕನೇ ಹಾಡಿಗೆ ಗಾಯಕಿ ನಿಂತಿದ್ದಾರೆ, ಕರಿ ಗೊಂಬೆ ಕಾಣುತ್ತಿಲ್ಲ. ಕಾಯುತ್ತಿದ್ದಾರೆ. ಸಭೆ ಈಗ ಪಳಗಿಬಿಟ್ಟಿತ್ತು. ಇದೂ ಮೌನದ ಹಾಡೇ ಎಂದುಕೊಂಡು ಗಂಭೀರವಾಗಿ ತಲೆದೂಗಿತು, ಚಪ್ಪಾಳೆಯನ್ನೂ ಹೊಡೆಯಿತು. ಮೇಷ್ಟ್ರಿಗೆ ಸಹನೆ ಮುಗಿಯಿತು. ಕಂಬದ ಹಿಂದಿನಿಂದ ಬಿಳಿ ಅಂಗಿಯಲ್ಲಿ ಓಡಿಬಂದು ವೇದಿಕೆಯ ಮುಂದೆ ಎರಡೂ ಕೈ ಬೀಸತೊಡಗಿದರು. ಗಾಯಕಿ ಕಣ್ಣು ಕಿರಿದು ಮಾಡಿ ನೋಡಿದರು. ಮೈಕಿನಲ್ಲೇ ಹೇಳಿದರು.

"ಯಾರಪ್ಪ ಅದು ಬಿಳಿ ಅಂಗಿ? ದಯವಿಟ್ಟು ಕೂತ್ಕೊಳ್ಳಿ. ನಮ್ಮ ಮೇಷ್ಟ್ರು ಬರೋ ಹೊತ್ತಾಯ್ತು."

ಕಾವಲುಗಾರ ಒಳಗೆ ಧಾವಿಸಿದ. "ಪಾಸ್ ಎಲ್ಲಿ?" ಎಂದು ಕೇಳಿದ. ಪಾಸು ಕೋಟಿನ ಜೇಬಿನಲ್ಲಿತ್ತು. ಮೂವತ್ತು ವರ್ಷ ಸಂಗೀತ ನಡೆಸಿದ ಮನುಷ್ಯನನ್ನು ರಟ್ಟೆ ಹಿಡಿದು ತಂದು ನಮ್ಮ ಪಕ್ಕದಲ್ಲಿ ನಿಲ್ಲಿಸಿ ಬಾಗಿಲು ಹಾಕಿದ. ಮೇಷ್ಟ್ರು ನನ್ನ ಶರ್ಟನ್ನು ಹೇಗೆ ನೋಡಿದರೆಂದರೆ, ಒಳಗೆ ಇದ್ದದ್ದು ನಾನಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು.

ಕಾರ್ಯದರ್ಶಿಗಳು ಏದುಸಿರು ಬಿಡುತ್ತ ಬಂದರು. ಅವರಿಗೆ ಅರ್ಥವಾಗಿತ್ತು. "ಲೋ, ಅವರು ನಿನ್ನ ಕೈ ನೋಡ್ಕೊಂಡು ಹಾಡ್ತಿದಾರೆ ಕಣೋ! ಒಳಗೆ ಹೋಗು!"

"ನನ್ನ ಕೈ ಯಾಕೆ ಭಾವ? ನನಗೆ ಸಂಗೀತ ಬರಲ್ಲ."

"ಬರಲ್ಲ ಅಂತ ಈಗ ಹೇಳ್ತಿದೀಯಲ್ಲೋ! ಹೋಗು ಮೊದ್ಲು!"

ಮೇಷ್ಟ್ರೇ ಹೋಗಬಹುದಲ್ಲ ಎಂದೆ ನಾನು. ಮೇಷ್ಟ್ರು ಎದೆಯ ಮೇಲೆ ಕೈ ಕಟ್ಟಿದರು. "ರಟ್ಟೆ ಹಿಡಿದು ಹೊರಗೆ ಹಾಕಿದ ಜಾಗಕ್ಕೆ ನಾನು ಕಾಲಿಡಲ್ಲ. ಫೋಟೋದವನೇ ನಡೆಸಲಿ. ನಾನು ಇಲ್ಲೇ ನಿಂತು ನೋಡ್ತೀನಿ."

ಇನ್ನು ಉಳಿದದ್ದು ಕಾವಲುಗಾರ. ಅವನು ಬೋರ್ಡಿಗೆ ಬೆನ್ನು ಕೊಟ್ಟು ನಿಂತ.

"ಮೂರು ಅಂದ್ರೆ ಮೂರು ಸಾರ್. ನೀವೇ ಸಹಿ ಹಾಕಿದೀರಿ."

"ನಾನೇ ಹೇಳ್ತಿದೀನಲ್ಲಯ್ಯ ಬಿಡು ಅಂತ!"

"ಬೋರ್ಡಲ್ಲಿ ಒಂದು ಹೇಳ್ತೀರಿ, ಬಾಯಲ್ಲಿ ಒಂದು ಹೇಳ್ತೀರಿ. ನಾನು ಯಾವ ಸಾಹೇಬ್ರ ಮಾತು ಕೇಳ್ಲಿ?"

ಒಳಗೆ ಮೂರನೇ ಸಲ ಮೌನಕ್ಕೆ ಚಪ್ಪಾಳೆ ಬಿತ್ತು. ಈ ಸಲ ಕೊಂಚ ತೆಳ್ಳಗೆ. ಕಾವಲುಗಾರ ಬಹಳ ಯೋಚಿಸಿ ರಾಜಿಗೆ ಬಂದ. "ಫೋಟೋಗ್ರಾಫರಿಗೆ ತಾನೇ ಮೂರು ಹಾಡು? ಕ್ಯಾಮೆರಾ ಇಲ್ಲಿಟ್ಟು ಹೋಗ್ಲಿ. ಆಗ ಅವರು ಫೋಟೋಗ್ರಾಫರಲ್ಲ, ಬರೀ ಮನುಷ್ಯ."

ಬರೀ ಮನುಷ್ಯನಾಗಿ ಸ್ಟಾಂಪ್ ಸೈಜು ತುಂಬಿದ ಸಭೆಯ ಮುಂದೆ ಹೋಗಿ ನಿಂತ. ಕೈಯಲ್ಲಿ ಕ್ಯಾಮೆರಾ ಇಲ್ಲದೆ ಅವನನ್ನು ನಾನು ನೋಡಿದ್ದೇ ಅಪರೂಪ. ಪಾಪ ಎನಿಸಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಸ್ಥಿತಿ, ನುಂಗುವಂತಿಲ್ಲ, ಉಗುಳುವಂತಿಲ್ಲ. ಎರಡನೇ ಸಾಲಿನಲ್ಲಿ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವಳು ಮೆಲ್ಲಗೆ ತನ್ನ ಗಲ್ಲ ಮೇಲಕ್ಕೆತ್ತಿದಳು.

ಅಷ್ಟು ಸಾಕಾಯಿತು. ಅವನು ಎರಡು ಬೆರಳು ಎತ್ತಿದ.

ಗೊತ್ತಿದ್ದದ್ದು ಒಂದೇ ವಿದ್ಯೆ, ಅದನ್ನೇ ಮಾಡಿದ. ಗಾಯಕಿಗೆ ಒಂದರ ಹಿಂದೊಂದು ಪಾಸ್‌ಪೋರ್ಟ್ ಫೋಟೋ ತೆಗೆದ, ಕ್ಯಾಮೆರಾ ಇಲ್ಲದೆ. ಗಲ್ಲ ಮೇಲೆ, ಗಲ್ಲ ಕೆಳಗೆ, ಎಡಕ್ಕೆ, ಬಲಕ್ಕೆ, ಮುಷ್ಟಿ. ಪಿಟೀಲಿನವನಿಗೆ ಎರಡನೇ ಅವಕಾಶ ಸಿಕ್ಕಿತು, ಅವನು ಬಹಿರಂಗವಾಗಿ ಅತ್ತ. ನಡುವೆ ಒಂದು ನೊಣ ಬಂದು ಸ್ಟಾಂಪ್ ಸೈಜುವಿನ ಮೂಗಿನ ಮೇಲೆ ಕೂತಿತು. ಅವನು ಅದನ್ನು ಅಟ್ಟಿದಷ್ಟು ಹೊತ್ತೂ ಡ್ರಮ್ಮಿನವನು ಬಡಿದ ಬಡಿತಕ್ಕೆ ನನ್ನ ಜೇಬಿನಲ್ಲಿದ್ದ, ವಾರದಿಂದ ನಿಂತುಹೋಗಿದ್ದ ಒಂದು ಗಿರಾಕಿಯ ಗಡಿಯಾರ ನಡೆಯತೊಡಗಿತು. ಬಾಗಿಲ ಸಂದಿಯಲ್ಲಿ ಮೇಷ್ಟ್ರು ನೋಡುತ್ತಿದ್ದರು. ಮೊದಲು ಹಲ್ಲು ಕಡಿದರು, ಆಮೇಲೆ ಕಾಲು ಕುಟ್ಟಿದರು. ಆಮೇಲೆ ಗಮನಿಸಿದರೆ ಕಾಲು ತಾಳ ಹಾಕುತ್ತಿತ್ತು.

ಕೊನೆಯ ಹಾಡಿಗೆ ಅವನು ಎರಡೂ ತೋಳು ಅಗಲಿಸಿದ. ಭುಜ ನೆಟ್ಟಗೆ. ಇದ್ದಬದ್ದ ವಾದ್ಯವೆಲ್ಲ ಒಟ್ಟಿಗೆ ಮೊಳಗಿತು. ಮುಷ್ಟಿ ಬಿಗಿದ. ಎಲ್ಲ ನಿಂತಿತು. ಆ ನಿಶ್ಶಬ್ದದಲ್ಲಿ ಅವನು ಅಭ್ಯಾಸದಂತೆ ಎರಡೂ ಅಂಗೈಯನ್ನು ಕೆಳಗಿನಿಂದ ಮೇಲಕ್ಕೆ, ಸಾಧ್ಯವಾದಷ್ಟು ಮೇಲಕ್ಕೆ ಎತ್ತಿದ. ಆಯ್ತು, ಏಳಿ.

ಪರ್ರ್.

ಅದು ನನ್ನ ಶರ್ಟು. ಅದರ ಸದ್ದು ಅಡಗುವ ಮೊದಲೇ ಇಡೀ ಸಭೆ, ಬಾಲ್ಕನಿ ಸಮೇತ, ಎದ್ದು ನಿಂತಿತು. ಮುಂದಿನ ಸಾಲಿನ ಕುಂಟುಗಾಲಿನ ವಿಮರ್ಶಕರೂ ಎದ್ದರು. ಮಾವ ಕುರ್ಚಿಯಲ್ಲಿ ಇನ್ನೂ ಬಿಗಿಯಾಗಿ ಕೂತಿದ್ದರು. ಸ್ಟಾಂಪ್ ಸೈಜುವಿನ ಅಂಗೈ ಇನ್ನೂ ಮೇಲೆಯೇ ಇತ್ತು. ಅವರು ಅದನ್ನು ನೋಡಿದರು, ಸುತ್ತ ನೋಡಿದರು, ಮಂಡಿ ಹಿಡಿದುಕೊಂಡು ಎದ್ದರು.

ಒಳಕೋಣೆಯಲ್ಲಿ ಗಾಯಕಿ ಚೀಲ ತಡಕಿ ಕನ್ನಡಕ ಹಾಕಿಕೊಂಡರು. ಎದುರಿಗೆ ನಿಂತವನನ್ನು ಮೇಲಿನಿಂದ ಕೆಳಗೆ ನೋಡಿ ಬೆಚ್ಚಿದರು.

"ನೀವು ಮೇಷ್ಟ್ರಲ್ವಲ್ಲ!"

"ಅಲ್ಲಮ್ಮ. ಪಾಸ್‌ಪೋರ್ಟ್ ಫೋಟೋದವನು. ತಪ್ಪಾಯ್ತು" ಎಂದು ಕಂಕುಳ ಮುಚ್ಚಿಕೊಂಡು, ಕ್ಯಾಮೆರಾವನ್ನು ಅವರ ಮುಂದೆ ಹಿಡಿದ. ಕಾರ್ಯದರ್ಶಿ, ಮೇಷ್ಟ್ರು, ಮಾವ ಎಲ್ಲರೂ ಬಗ್ಗಿದರು. ಫೋಟೋದಲ್ಲಿ ವೇದಿಕೆ ಇಲ್ಲ, ಮೈಕು ಇಲ್ಲ, ವಾದ್ಯ ಇಲ್ಲ. ಮುಖವೊಂದೇ. ಬಾಯಿ ಮುಚ್ಚಿದೆ, ಕಣ್ಣು ನೇರವಾಗಿದೆ, ಗಲ್ಲ ಎಷ್ಟು ಬೇಕೋ ಅಷ್ಟೇ ಮೇಲಿದೆ.

"ಇದೇನೋ ಇದು?" ಎಂದರು ಕಾರ್ಯದರ್ಶಿ. "ಕಾನ್ಸರ್ಟ್ ಎಲ್ಲಿ? ಎರಡೂ ಕಿವಿ ಬೇರೆ ಕಾಣ್ತಿದೆ!"

ಮಾವ ಗಂಟಲು ಸರಿಮಾಡಿಕೊಂಡರು. ಹೆಂಡತಿ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದಳು.

ಗಾಯಕಿ ಮಾತ್ರ ಕಣ್ಣು ತೆಗೆಯಲಿಲ್ಲ. "ಕಿವಿ ಕಾಣಬೇಕ್ರೀ" ಎಂದರು ಮೆಲ್ಲಗೆ. "ಹಾಡೋರಿಗೆ ಕಿವೀನೇ ಮುಖ್ಯ. ಇಷ್ಟು ವರ್ಷ ನಾನು ಕೂಗ್ತಾ ಇರೋ ಫೋಟೋನೇ ತೆಗೆದ್ರು ಎಲ್ಲರೂ. ಇದರಲ್ಲಿ ನಾನು ಕೇಳಿಸ್ಕೊಳ್ತಾ ಇದೀನಿ." ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ಆ ಪಿಟೀಲಿನವನಿಗೆ ಇನ್ನು ಮೇಲೆ ದಿನಾ ಒಂದು ಅವಕಾಶ ಕೊಡಿ. ಪಾಪ, ಎಷ್ಟು ಚೆನ್ನಾಗಿ ನುಡಿಸ್ತಾನೆ. ನಮಗೇ ಗೊತ್ತಿರಲಿಲ್ಲ."

ಫೋಟೋ ಸಭಾಂಗಣದ ಬಾಗಿಲಲ್ಲಿ ಆಳೆತ್ತರಕ್ಕೆ ತೂಗುತ್ತಿದೆ.

ಐವತ್ತು ವರ್ಷದ ದಿನ ಮಾವನ ಮನೆಯ ಅಂಗಳದಲ್ಲಿ ಕುಟುಂಬ ಮೂರು ಸಾಲಾಗಿ ನಿಂತಿತು. ನಿಂತಿತು ಎಂದರೆ ಸುಳ್ಳು. ಒಬ್ಬರ ಸೆರಗು ಒಬ್ಬರು ಎಳೆದು, ನೀನು ಮುಂದೆ ಬಾ, ನಾನು ಹಿಂದೆ ಹೋಗಲ್ಲ ಎಂದು ಸಂತೆ ನೆರೆದಿತ್ತು. ಕಿರಿಮಗಳು ಅತ್ತೆಯ ಪಕ್ಕದಲ್ಲೇ ನಿಂತಿದ್ದಳು. ನಾನು ಹೊಲಿಗೆ ಹಾಕಿಸಿದ ಕರಿ ಶರ್ಟಿನಲ್ಲಿ ದೀಪ ಹಿಡಿದಿದ್ದೆ. ಮಾವ ನಡುವಿನ ಕುರ್ಚಿಯಿಂದ ಎಂದಿನಂತೆ ಶುರು ಮಾಡಿದರು.

"ಏ ಸ್ಟಾಂಪ್ ಸೈಜು, ಆ ಡಬ್ಬಿಯಲ್ಲಿ ನಾವೆಲ್ಲ ಹಿಡಿಸ್ತೀವೇನೋ, ಇಲ್ಲ..."

ಅವನು ಮುಷ್ಟಿ ಬಿಗಿದ.

ಆ ಮನೆಯಲ್ಲಿ ಐವತ್ತು ವರ್ಷದಲ್ಲಿ ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿದ್ದು ಅದೇ ಮೊದಲು. ಆ ಸದ್ದಿಲ್ಲದ ಗಳಿಗೆಯಲ್ಲಿ ಅತ್ತೆ ಮಾವನ ಕಡೆ ತಿರುಗಿ ನೋಡಿದರು, ಮಾವ ಅತ್ತೆಯ ಕಡೆ. ಕ್ಲಿಕ್ ಆಯಿತು.

ಪ್ರಿಂಟು ಬಂದಾಗ ಮಾವ ಅದನ್ನು ಬಹಳ ಹೊತ್ತು ಹಿಡಿದು ಕೂತರು. ಅಳಿಯ ಹೊರಡಲು ಚಪ್ಪಲಿ ಮೆಟ್ಟುತ್ತಿರುವಾಗ ಹಿಂದೆಯೇ ಬಂದು, ಮಗಳಿಗೆ ಕೇಳದ ಹಾಗೆ, ದನಿ ತಗ್ಗಿಸಿ ಕೇಳಿದರು.

"ಅದರಲ್ಲಿ ನಮ್ಮಿಬ್ಬರದ್ದು ಮಾತ್ರ ಕತ್ತರಿಸಿ ಒಂದು ಸ್ಟಾಂಪ್ ಸೈಜು ಮಾಡ್ಕೊಡ್ತೀಯೇನಪ್ಪ? ಪರ್ಸಲ್ಲಿ ಇಟ್ಕೊಳ್ಳೋಕೆ."